ಚೀಲದಲ್ಲಿ ನಾಣ್ಯ ಎಷ್ಟು, ರೂಪಾಯಿ ಎಷ್ಟು?

ಲೆಕ್ಕ ಇದು. ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ಸಿಟಿ ಬಸ್ಸಿನ ಕಂಡಕ್ಟರನ ಚೀಲದಲ್ಲಿ 2 ರೂಪಾಯಿಯವೂ 5 ರೂಪಾಯಿಯವೂ ಸೇರಿ ಒಟ್ಟು 40 ನಾಣ್ಯಗಳಿವೆ. ಮೊತ್ತ 125 ರೂಪಾಯಿ. ಯಾವುದು ಎಷ್ಟಿದೆ?

ಸಂಜೆ ಹೊತ್ತು ನಮ್ಮ ಜಗಲಿಗೆ ಪಾಠಕ್ಕೆ ಬರುವ ಮಕ್ಕಳಲ್ಲಿ ಒಂಬತ್ತನೇ ತರಗತಿಯ ಹುಡುಗನೊಬ್ಬನಿದ್ದಾನೆ. ಸಮೀಕರಣ ಬರೆದು ಕೊಟ್ಟರೆ ಚಕಚಕನೆ ಬಿಡಿಸುತ್ತಾನೆ, ಪಕ್ಷಾಂತರ ಮಾಡುವಾಗ ಚಿಹ್ನೆ ಮರೆಯುವುದಿಲ್ಲ. ಅದೇ ಸಮೀಕರಣ ಮಾತಿನ ವೇಷ ಕಟ್ಟಿಕೊಂಡು ರಂಗಕ್ಕೆ ಬಂದರೆ ಮಾತ್ರ ಅವನಿಗೆ ಗುರುತು ಸಿಗುವುದಿಲ್ಲ. ಈ ಲೆಕ್ಕಕ್ಕೆ ಅವನು ಬರೆದದ್ದು ಹೀಗೆ:

5ಯಾ + 2ಕಾ = 40

ಶಾಲೆಯಲ್ಲಿ ಎಕ್ಸ್, ವೈ ಎಂದು ಬರೆಯುವ ಕಡೆ ನಾನಿಲ್ಲಿ ಯಾ, ಕಾ ಎಂದು ಬರೆಯುತ್ತಿದ್ದೇನೆ. ಕಾರಣ ಆಮೇಲೆ ಹೇಳುತ್ತೇನೆ. ಈಗ ಆ ಸಾಲನ್ನು ನೋಡಿ. ಎಡಗಡೆ ಇರುವುದು ರೂಪಾಯಿ, ಬಲಗಡೆ ಇರುವುದು ನಾಣ್ಯ. ಮಲ್ಪೆಯಲ್ಲಿ ಎಂಟು ಬಂಗುಡೆಗೂ ಎಂಟು ಕಿಲೋ ಬಂಗುಡೆಗೂ ವ್ಯತ್ಯಾಸವಿಲ್ಲ ಎಂದ ಹಾಗಾಯಿತು ಇದು. ಅಷ್ಟಾದರೂ ಹುಡುಗನಿಗೆ ಅದು ತಪ್ಪೆನಿಸಿರಲಿಲ್ಲ. ಏಕೆಂದರೆ ಲೆಕ್ಕದಲ್ಲಿ ಕಂಡ ನಾಲ್ಕು ಸಂಖ್ಯೆಗಳಲ್ಲಿ ಮೂರು ಸಾಲಿನಲ್ಲಿದ್ದವು, ಸಾಲು ನೋಡಲು ಸಮೀಕರಣದ ಹಾಗೆಯೇ ಇತ್ತು.

"ಯಾ ಅಂದರೆ ಏನು?" ಎಂದು ಕೇಳಿದೆ.

"ಐದು ರೂಪಾಯಿ ನಾಣ್ಯ" ಎಂದ.

ಎಡವಿದ್ದು ಅಲ್ಲೇ. ಯಾ ಎಂದರೆ ನಾಣ್ಯವಲ್ಲ, ನಾಣ್ಯಗಳ ಸಂಖ್ಯೆ. ಈ ಒಂದು ಪದ ಬಿಟ್ಟುಹೋದರೆ ಮುಂದಿನದ್ದೆಲ್ಲ ಮಂಜಾಗುತ್ತದೆ. ಯಾ ಎಂದರೆ ನಾಣ್ಯ ಎಂದುಕೊಂಡವನಿಗೆ 5ಯಾ ಎನ್ನುವುದು "ಐದು ನಾಣ್ಯಗಳು" ಎಂದು ಕೇಳಿಸುತ್ತದೆ. ಯಾ ಎಂದರೆ ಸಂಖ್ಯೆ ಎಂದು ತಿಳಿದವನಿಗೆ ಅದೇ 5ಯಾ "ಅಷ್ಟು ನಾಣ್ಯಗಳಿಂದ ಬರುವ ರೂಪಾಯಿ" ಎಂದು ಕೇಳಿಸುತ್ತದೆ. ಹಾಗಾಗಿ ಸಮೀಕರಣಕ್ಕೆ ಕೈ ಹಾಕುವ ಮೊದಲು ಒಂದು ಪೂರ್ತಿ ವಾಕ್ಯ ಬರೆಸುತ್ತೇನೆ: "ಯಾ = ಚೀಲದಲ್ಲಿರುವ 5 ರೂಪಾಯಿ ನಾಣ್ಯಗಳ ಸಂಖ್ಯೆ." ಪರೀಕ್ಷೆಯಲ್ಲಿ ಆ ಸಾಲಿಗೆ ಅಂಕ ಇರಲಿ, ಬಿಡಲಿ, ಅದಿಲ್ಲದೆ ಮುಂದೆ ಹೋಗಲು ನಾನು ಬಿಡುವುದಿಲ್ಲ.

ಪ್ರತಿ ನಾಣ್ಯಕ್ಕೂ ಎರಡು ಖಾತೆಗಳಿವೆ. ಎಣಿಸುವಾಗ ಐದರದ್ದೂ ಒಂದೇ, ಎರಡರದ್ದೂ ಒಂದೇ. ಹತ್ತರದ್ದು ಬಂದರೆ ಅದೂ ಒಂದೇ. ಬೆಲೆ ಕಟ್ಟುವಾಗ ಮಾತ್ರ ಒಂದು ಐದಾಗುತ್ತದೆ, ಇನ್ನೊಂದು ಎರಡಾಗುತ್ತದೆ. ನಾಣ್ಯದ ಲೆಕ್ಕಗಳು ಮಕ್ಕಳನ್ನು ಗೊಂದಲಗೊಳಿಸುವುದು ಇದಕ್ಕೇ, ಬೀಜಗಣಿತ ಕಲಿಸುವುದಕ್ಕೆ ಅವುಗಳಷ್ಟು ಒಳ್ಳೆಯ ಸಾಮಗ್ರಿ ಬೇರೆ ಇಲ್ಲದಿರುವುದೂ ಇದಕ್ಕೇ. ಎರಡು ಖಾತೆಗಳನ್ನು ಬೇರೆ ಬೇರೆ ಬರೆದರೆ ಹೀಗಿರುತ್ತದೆ:

ನಾಣ್ಯದ ಖಾತೆ: ಯಾ + ಕಾ = 40
ರೂಪಾಯಿಯ ಖಾತೆ: 5ಯಾ + 2ಕಾ = 125

ಮೊದಲ ಸಾಲಿನಿಂದ ಕಾ = 40 − ಯಾ. ಅದನ್ನು ಎರಡನೆಯದರಲ್ಲಿ ಇಟ್ಟರೆ 5ಯಾ + 2(40 − ಯಾ) = 125. ಬಿಡಿಸಿದರೆ 3ಯಾ + 80 = 125, 3ಯಾ = 45, ಯಾ = 15. ಐದರವು 15, ಎರಡರವು 25. ತಾಳೆ ನೋಡಿ: 75 ಮತ್ತು 50, ಸೇರಿ 125. ಬದಲಿಸುವ ವಿಧಾನದ ಬದಲು ವರ್ಜಿಸುವ ವಿಧಾನ ಹಿಡಿದರೂ ಇಲ್ಲಿಗೇ ಬರುತ್ತೀರಿ. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ತಲೆ ಕೊಡಬೇಕಾದದ್ದು ಆ 80, 45, 3 ಎಂಬ ಮೂರು ಸಂಖ್ಯೆಗಳಿಗೆ. ಅವು ಎಲ್ಲಿಂದ ಬಂದವು ಎಂದು ಹುಡುಗನನ್ನು ಕೇಳಿದರೆ "ಬಿಡಿಸುವಾಗ ಬಂತು" ಎಂದ. ಅಷ್ಟು ಸಾಲದು ಅನಿಸಿತು. ಒಳಗಿಂದ ಮುಡಿಪಿನ ಡಬ್ಬಿ ತಂದೆ. ದೇವರಿಗೆಂದು ಎತ್ತಿಟ್ಟ ದುಡ್ಡು, ಆಟಕ್ಕೆ ತೆಗೆಯಬಾರದು ಎಂದು ಅಮ್ಮ ಗೊಣಗಿದರು. ಎಣಿಸಿ ಹಾಗೆಯೇ ವಾಪಸು ಹಾಕುತ್ತೇನೆ ಎಂದ ಮೇಲೆ ಒಪ್ಪಿದರು.

ಜಗಲಿಯ ನೆಲದ ಮೇಲೆ ಎರಡು ರೂಪಾಯಿಯ ನಾಣ್ಯಗಳನ್ನು ಹತ್ತರ ಸಾಲುಗಳಲ್ಲಿ ಜೋಡಿಸಿದೆವು. ನಾಲ್ಕು ಸಾಲು, 40 ನಾಣ್ಯ. "ಚೀಲದಲ್ಲಿ ಇರುವುದೆಲ್ಲ ಎರಡರದ್ದೇ ಎಂದುಕೋ. ಎಷ್ಟಾಯಿತು?" 80. "ಆದರೆ ಕಂಡಕ್ಟರ್ ಹೇಳುತ್ತಿರುವುದು 125. ಎಷ್ಟು ಕಮ್ಮಿ?" 45. "ನಾಣ್ಯಗಳ ಸಂಖ್ಯೆ ಬದಲಾಗಬಾರದು. ಹಾಗಾದರೆ ಕೊರತೆ ತುಂಬುವುದು ಹೇಗೆ?" ಅವನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಸಾಲಿನ ತುದಿಯಿಂದ ಒಂದು ಎರಡರ ನಾಣ್ಯ ಎತ್ತಿ, ಅದೇ ಜಾಗದಲ್ಲಿ ಐದರದ್ದೊಂದನ್ನು ಇಟ್ಟ. ಮೊತ್ತ 83 ಆಯಿತು. ಇನ್ನೊಂದು ಬದಲಿಸಿದ, 86. ಮೂರನೆಯದಕ್ಕೆ ಕೈ ಹಾಕಿದವನು ಅಲ್ಲೇ ನಿಲ್ಲಿಸಿ, "ಒಂದು ಬದಲಿಸಿದರೆ ಮೂರು ಏರುತ್ತದೆ. 45 ಏರಬೇಕು. 15 ಸಲ" ಎಂದ.

ಅವನ ಕೈ ಮಾಡಿದ್ದನ್ನೇ ಸಮೀಕರಣ ಬರೆದಿದೆ. 80 ಎಂದರೆ ಎಲ್ಲವೂ ಎರಡರದ್ದೇ ಆಗಿದ್ದರೆ ಇರಬೇಕಾಗಿದ್ದ ಮೊತ್ತ. 45 ಎಂದರೆ ಕೊರತೆ. ಯಾ ಮುಂದಿನ 3 ಎಂದರೆ ಒಂದು ನಾಣ್ಯ ಬದಲಿಸಿದಾಗ ಸಿಗುವ ಹೆಚ್ಚಳ. 3ಯಾ = 45 ಎಂಬ ಸಾಲನ್ನು ಈಗ ಗಟ್ಟಿಯಾಗಿ ಓದಬಹುದು: "ಮೂರು ಮೂರರಂತೆ ಎಷ್ಟು ಸಲ ಏರಿಸಿದರೆ ನಲವತ್ತೈದು?" ಇಷ್ಟು ಕಂಡವನಿಗೆ ಮತ್ತೆ 5ಯಾ + 2ಕಾ = 40 ಎಂದು ಬರೆಯಲು ಮನಸ್ಸೇ ಬರುವುದಿಲ್ಲ. ನೆಲದ ಮೇಲೆ ಜೋಡಿಸಿಯೇ ಉತ್ತರ ಸಿಗುವುದಾದರೆ ಬೀಜಗಣಿತ ಯಾಕೆ ಎಂದು ಅವನು ಕೇಳಿದ. ನ್ಯಾಯವಾದ ಪ್ರಶ್ನೆ. ಇದಕ್ಕೆ ಬೇಕಾಗಿಲ್ಲ. ನಾಣ್ಯಗಳು ಒಂದಕ್ಕೊಂದು ಸಂಬಂಧ ಹೇಳಿಕೊಂಡು ಬರತೊಡಗಿದಾಗ ಬೇಕಾಗುತ್ತದೆ.

ಅದಕ್ಕೆ ಹೋಗುವ ಮೊದಲು ಯಾ, ಕಾ ವಿಷಯ. 1150ರಲ್ಲಿ ಭಾಸ್ಕರಾಚಾರ್ಯರು ಬರೆದ ಬೀಜಗಣಿತದಲ್ಲಿ ಗೊತ್ತಿಲ್ಲದ ಮೊದಲ ಸಂಖ್ಯೆಗೆ ಇಟ್ಟ ಹೆಸರು ಯಾವತ್ತಾವತ್, "ಎಷ್ಟೋ ಅಷ್ಟು". ಎರಡನೆಯದು ಕಾಲಕ, ಮೂರನೆಯದು ನೀಲಕ, ನಾಲ್ಕನೆಯದು ಪೀತಕ: ಕಪ್ಪು, ನೀಲಿ, ಹಳದಿ. ಬರೆಯುವಾಗ ಮೊದಲಕ್ಷರ ಮಾತ್ರ, ಯಾ, ಕಾ, ನೀ, ಪೀ. ಹಲವು ಅವ್ಯಕ್ತಗಳಿರುವ, ಎಂದರೆ ಗೊತ್ತಿಲ್ಲದ ಸಂಖ್ಯೆಗಳಿರುವ, ಸಮೀಕರಣವನ್ನು ಅವರು ಅನೇಕವರ್ಣ ಸಮೀಕರಣ ಎಂದೇ ಕರೆದರು. ನನಗೆ ಇದರಲ್ಲಿ ಬಹಳ ಇಷ್ಟವಾಗುವುದು ಬೇರೆಯೇ ಒಂದು ವಿವರ. ಗೊತ್ತಿರುವ ಸಂಖ್ಯೆಯ, ಎಂದರೆ ಸ್ಥಿರಾಂಕದ, ಪಕ್ಕದಲ್ಲಿ ಅವರು ಬರೆಯುತ್ತಿದ್ದದ್ದು ರೂ, ರೂಪ ಎಂಬುದರ ಮೊದಲಕ್ಷರ. ಯಾ 3 ರೂ 80 ಎಂದು ಭಾಸ್ಕರರ ರೀತಿಯಲ್ಲಿ ಬರೆದರೆ ಅದು ನಮ್ಮ 3ಯಾ + 80. ನಮ್ಮ ಲೆಕ್ಕದಲ್ಲಿ ಆ 80 ನಿಜವಾಗಿಯೂ ರೂಪಾಯಿಯೇ. ಎಕ್ಸ್ ಎಂದರೆ ಎಲ್ಲಿಂದಲೋ ಬಂದು ಕೂತ ಅಕ್ಷರ ಎಂದುಕೊಂಡ ಮಕ್ಕಳಿಗೆ "ಎಷ್ಟೋ ಅಷ್ಟು" ಎಂದು ಹೇಳಿ ನೋಡಿ. ಯಾ ಎಂದರೆ ಸಂಖ್ಯೆ ಎಂಬುದು ಆ ಹೆಸರಿನೊಳಗೇ ಇದೆ.

ಈಗ ಸಂಬಂಧದ ಲೆಕ್ಕ. ಮುಡಿಪಿನ ಡಬ್ಬಿಯಲ್ಲಿ 1, 2, 5 ರೂಪಾಯಿಯ ನಾಣ್ಯಗಳಿವೆ. ಎರಡರ ನಾಣ್ಯಗಳು ಐದರ ನಾಣ್ಯಗಳಿಗಿಂತ 4 ಹೆಚ್ಚು. ಒಂದರ ನಾಣ್ಯಗಳು ಎರಡರ ನಾಣ್ಯಗಳ ಮೂರರಷ್ಟು. ಒಟ್ಟು 200 ರೂಪಾಯಿ.

ಮೂರು ಅವ್ಯಕ್ತ ಎಂದು ಹೆದರಿ ಯಾ, ಕಾ, ನೀ ಮೂರನ್ನೂ ಬರೆದುಕೊಳ್ಳುವವರು ಇದ್ದಾರೆ. ತಪ್ಪಲ್ಲ, ದಾರಿ ಮಾತ್ರ ಉದ್ದ. ಒಂದೇ ಸಾಕು. ಯಾವುದಕ್ಕೆ ಯಾ ಎನ್ನಬೇಕು ಎಂಬುದೇ ಪ್ರಶ್ನೆ, ಅದರ ಉತ್ತರ ಇರುವುದು ಕನ್ನಡದ ಪ್ರತ್ಯಯದಲ್ಲೇ. ವಾಕ್ಯದಲ್ಲಿ "ಗಿಂತ", "ಕ್ಕಿಂತ" ಅಥವಾ "ಮೂರರಷ್ಟು" ಎಂಬಂಥ ಮಾತು ಯಾವುದರ ಬೆನ್ನಿಗೆ ಬಂದಿದೆಯೋ ಅದು ಅಳತೆಗೋಲು, ಉಳಿದದ್ದನ್ನು ಅದರಿಂದ ಅಳೆಯಲಾಗಿದೆ. "ಐದರ ನಾಣ್ಯಗಳಿಗಿಂತ 4 ಹೆಚ್ಚು": ಇಲ್ಲಿ ಗೋಲು ಐದರ ನಾಣ್ಯ. "ಎರಡರ ನಾಣ್ಯಗಳ ಮೂರರಷ್ಟು": ಇಲ್ಲಿ ಗೋಲು ಎರಡರ ನಾಣ್ಯ, ಅದನ್ನು ಆಗಲೇ ಐದರಿಂದ ಅಳೆದಾಗಿದೆ. ಸರಪಳಿಯ ಬುಡದಲ್ಲಿ ಉಳಿದದ್ದು ಐದು. ಅದಕ್ಕೇ ಯಾ ಎನ್ನಬೇಕು.

ಐದರವು ಯಾ. ಎರಡರವು ಯಾ + 4. ಒಂದರವು 3(ಯಾ + 4). ಇದು ಪೂರ್ತಿ ನಾಣ್ಯದ ಖಾತೆ. ರೂಪಾಯಿಯ ಖಾತೆಗೆ ದಾಟುವಾಗ ಪ್ರತಿಯೊಂದನ್ನೂ ಅದರ ಬೆಲೆಯಿಂದ ಗುಣಿಸಬೇಕು:

5ಯಾ + 2(ಯಾ + 4) + 1 × 3(ಯಾ + 4) = 200

10ಯಾ + 20 = 200, ಯಾ = 18. ಐದರವು 18, ಎರಡರವು 22, ಒಂದರವು 66. ಮೊತ್ತ 90, 44, 66, ಸೇರಿ 200.

ಈ ಲೆಕ್ಕದಲ್ಲಿ ಆವರಣ ಮರೆಯುವವರು ಬಹಳ. 2(ಯಾ + 4) ಇರಬೇಕಾದಲ್ಲಿ 2ಯಾ + 4, 3(ಯಾ + 4) ಇರಬೇಕಾದಲ್ಲಿ 3ಯಾ + 4 ಎಂದು ಬರೆದರೆ 10ಯಾ + 8 = 200 ಆಗಿ ಯಾ = 19.2 ಬರುತ್ತದೆ. ಹತ್ತೊಂಬತ್ತು ನಾಣ್ಯ, ಮತ್ತೊಂದು ನಾಣ್ಯದ ಐದನೇ ಒಂದು ಭಾಗ! ನಾಣ್ಯವನ್ನು ತೆಂಗಿನಕಾಯಿಯ ಹಾಗೆ ಒಡೆಯಲಾಗುವುದಿಲ್ಲ. ಬೇರೆ ಮಾತಿನ ಲೆಕ್ಕಗಳಲ್ಲಿ 19.2 ಬಂದರೆ ಸರಿಯೋ ತಪ್ಪೋ ಹೇಳುವುದು ಕಷ್ಟ. ಕಿಲೋ, ಕಿಲೋಮೀಟರು, ಗಂಟೆ ಯಾವುದಾದರೂ 19.2 ಆಗಬಹುದು. ನಾಣ್ಯ ಆಗದು. ತಪ್ಪಿದ ಕೂಡಲೇ ಕೂಗಿ ಹೇಳುವ ಲೆಕ್ಕ ಇದು, ಹಾಗಾಗಿ ಮಕ್ಕಳಿಗೆ ಮಾತಿನ ಲೆಕ್ಕ ಕಲಿಸುವುದಾದರೆ ನಾಣ್ಯದಿಂದಲೇ ಶುರು ಮಾಡಿ ಎಂದು ಹೇಳುತ್ತೇನೆ.

ಇನ್ನೊಂದು ಹಳ್ಳ ಇದೆ, ಅದನ್ನು ತೋರಿಸಲು ನಮ್ಮ ಊರಿನ ಹಳೆಯ ಕತೆಯೇ ಸಾಕು. ಉಡುಪಿಯಲ್ಲಿ 1925ರಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಮನೆ ಮನೆಗೆ, ಅಂಗಡಿ ಅಂಗಡಿಗೆ ದಿನವೂ ಏಜೆಂಟರು ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಬರೆದುಕೊಂಡು ಹೋಗುತ್ತಿದ್ದರು. ಆಗ ರೂಪಾಯಿಗೆ 16 ಆಣೆ. ನಾಲ್ಕಾಣೆಗೆ ಪಾವಲಿ ಎನ್ನುತ್ತಿದ್ದರು. ಅಂದಿನ ಒಬ್ಬ ಏಜೆಂಟರು ಸಂಜೆ ಚೀಲ ಸುರಿದರು ಎಂದುಕೊಳ್ಳಿ: ಎರಡಾಣೆಯ ನಾಣ್ಯ ಮತ್ತು ಪಾವಲಿ ಸೇರಿ 60, ಒಟ್ಟು 10 ರೂಪಾಯಿ.

ಎರಡಾಣೆಯವು ಯಾ, ಪಾವಲಿ 60 − ಯಾ. ಅವಸರದಲ್ಲಿ ಬರೆದರೆ 2ಯಾ + 4(60 − ಯಾ) = 10. ಬಿಡಿಸಿದರೆ ಯಾ = 115. ಇರುವುದೇ 60 ನಾಣ್ಯ, ಅದರಲ್ಲಿ ಎರಡಾಣೆಯವು 115, ಪಾವಲಿ 55 ಸಾಲ! ಎಡಗಡೆ ಆಣೆಯಲ್ಲೂ ಬಲಗಡೆ ರೂಪಾಯಿಯಲ್ಲೂ ಮಾತಾಡಿದ್ದರ ಫಲ ಇದು. 10 ರೂಪಾಯಿಗೆ 160 ಆಣೆ. 240 − 2ಯಾ = 160 ಎಂದು ಬರೆದರೆ ಯಾ = 40, ಪಾವಲಿ 20. ಎರಡರಿಂದಲೂ ಎಂಬತ್ತೆಂಬತ್ತು ಆಣೆ, ಐದೈದು ರೂಪಾಯಿ.

1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಬಂದು ರೂಪಾಯಿಗೆ 100 ನಯಾಪೈಸೆಯಾಯಿತು. ಆದರೂ ನಮ್ಮ ಕಡೆ ಹಿರಿಯರ ಬಾಯಲ್ಲಿ 50 ಪೈಸೆ ಇವತ್ತಿಗೂ ಎಂಟಾಣೆಯೇ. 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ನಿಂತುಹೋಗಿದ್ದರೂ ಲೆಕ್ಕದ ಪುಸ್ತಕಗಳಲ್ಲಿ ಅವು ಉಳಿದುಕೊಂಡಿವೆ. ಅಂಥ ಲೆಕ್ಕ ಸಿಕ್ಕಿದರೆ ಮೊದಲು ಎಲ್ಲವನ್ನೂ ಪೈಸೆಗೆ ಇಳಿಸಿ, ದಶಮಾಂಶದ ಬಿಂದುವನ್ನು ಎಳೆದುಕೊಂಡು ಹೋಗಬೇಡಿ. 0.25ಯಾ + 0.5ಕಾ ಎಂದು ಬರೆದು ಎಡವುವುದಕ್ಕಿಂತ 25ಯಾ + 50ಕಾ ಎಂದು ಬರೆದು ಬಲಗಡೆಯನ್ನು ನೂರರಿಂದ ಗುಣಿಸುವುದು ಕ್ಷೇಮ. ನಾಣ್ಯಗಳ ಇತಿಹಾಸ ಕಣ್ಣಾರೆ ನೋಡಬೇಕೆಂದರೆ ಉಡುಪಿಯಲ್ಲೇ ಜಾಗವಿದೆ: 1906ರಲ್ಲಿ ಇಲ್ಲೇ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕಿನ ಸ್ಥಾಪಕ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ನಾಣ್ಯ ಸಂಗ್ರಹಾಲಯ ಮಾಡಿದ್ದಾರೆ.

ಎರಡು ಖಾತೆಗಳಲ್ಲಿ ಒಂದನ್ನು ಮಾತ್ರ ಹೇಳಿ ಇನ್ನೊಂದನ್ನು ಹೇಳದೆ ಬಿಟ್ಟರೆ? ಬಸ್ಸಿನಲ್ಲಿ ದಿನವೂ ಆಗುವುದು ಅದೇ. "ಚಿಲ್ಲರೆ ಕೊಡಿ ಮಾರ್ರೆ" ಎಂದು ಕೇಳುವ ಕಂಡಕ್ಟರ್ ತಾನು ವಾಪಸು ಕೊಡಬೇಕಾದ 20 ರೂಪಾಯಿಯನ್ನು ಎರಡರ, ಐದರ ನಾಣ್ಯಗಳಲ್ಲಿ ಕೊಡುತ್ತಾನೆ ಎಂದಿಟ್ಟುಕೊಳ್ಳಿ. 5ಯಾ + 2ಕಾ = 20. ಸಮೀಕರಣ ಒಂದು, ಅವ್ಯಕ್ತ ಎರಡು. ಪುಸ್ತಕದ ಮಾತಿನಲ್ಲಿ ಇದಕ್ಕೆ ಅನಂತ ಪರಿಹಾರಗಳು. ಚೀಲದೊಳಗೆ ಕೈ ಹಾಕುವವನಿಗೆ ಮಾತ್ರ ಮೂರೇ: ಐದರವು ನಾಲ್ಕು; ಐದರವು ಎರಡು ಮತ್ತು ಎರಡರವು ಐದು; ಎರಡರವು ಹತ್ತು. ಐದರವು ಬೆಸ ಸಂಖ್ಯೆಯಲ್ಲಿ ಇರಲಾರವು, ಉಳಿದ ಮೊತ್ತ ಬೆಸವಾಗಿ ಎರಡರ ನಾಣ್ಯದಲ್ಲಿ ಹೊಂದುವುದಿಲ್ಲ.

ಪೂರ್ಣಸಂಖ್ಯೆಯ ಉತ್ತರ ಮಾತ್ರ ಹುಡುಕುವ ಈ ಬಗೆಯ ಸಮೀಕರಣಕ್ಕೆ ನಮ್ಮ ಪ್ರಾಚೀನರು ಕುಟ್ಟಕ ಎಂಬ ವಿಧಾನ ಕಟ್ಟಿದರು. ಆರ್ಯಭಟ ಅದನ್ನು 499ರಷ್ಟು ಹಿಂದೆಯೇ ಕೊಟ್ಟಿದ್ದಾನೆ. ಭಾಸ್ಕರರ ಬೀಜಗಣಿತದಲ್ಲಿ ಇದರ ಒಂದು ಸೊಗಸಾದ ಲೆಕ್ಕವಿದೆ (ದ್ರಮ್ಮ ಎಂದರೆ ಆಗಿನ ಒಂದು ನಾಣ್ಯ): 3 ದ್ರಮ್ಮಕ್ಕೆ 5 ಪಾರಿವಾಳ, 5 ದ್ರಮ್ಮಕ್ಕೆ 7 ಸಾರಸ, 7 ದ್ರಮ್ಮಕ್ಕೆ 9 ಹಂಸ, 9 ದ್ರಮ್ಮಕ್ಕೆ 3 ನವಿಲು, ರಾಜಕುಮಾರನ ವಿನೋದಕ್ಕೆ 100 ದ್ರಮ್ಮದಲ್ಲಿ 100 ಹಕ್ಕಿ ತಾ. ನಮ್ಮ ಕಂಡಕ್ಟರನ ಚೀಲದ ಅಣ್ಣ ಇದು: ಎಣಿಕೆಯ ಖಾತೆ ಒಂದು, ಬೆಲೆಯ ಖಾತೆ ಒಂದು, ಅವ್ಯಕ್ತ ಮಾತ್ರ ನಾಲ್ಕು. 15 ಪಾರಿವಾಳ, 28 ಸಾರಸ, 45 ಹಂಸ, 12 ನವಿಲು ಒಂದು ಉತ್ತರ. 10, 42, 36, 12 ಇನ್ನೊಂದು. ಬೇರೆಯವೂ ಇವೆ, ಹುಡುಕುವ ಸುಖ ನಿಮಗಿರಲಿ.

ಕಲಿತದ್ದು ಗಟ್ಟಿಯಾಗಬೇಕಾದರೆ ಲೆಕ್ಕ ಬಿಡಿಸಿದರೆ ಸಾಲದು, ಲೆಕ್ಕ ಹುಟ್ಟಿಸಬೇಕು. ಹುಡುಗನಿಗೆ ಹಾಗೇ ಹೇಳಿ ಕಳಿಸಿದ್ದೆ. ಮರುದಿನ ಸಂಜೆ ಅವನು ಅಜ್ಜಿಯ ಡಬ್ಬಿಯನ್ನೇ ಹಿಡಿದುಕೊಂಡು ಬಂದ. ಅಜ್ಜಿ ನಾಣ್ಯ ಒಂದೊಂದಾಗಿ ನೋಡಿ ಮೊತ್ತ ಹೇಳಿದ್ದರು, ಇವನು ಸಂಖ್ಯೆ ಎಣಿಸಿದ್ದ. "ಎರಡರದ್ದು, ಐದರದ್ದು ಸೇರಿ 40. ಮೊತ್ತ 124. ಬಿಡಿಸಿ."

ಎಲ್ಲವೂ ಎರಡಾದರೆ 80, ಕೊರತೆ 44. ಮೂರು ಮೂರರಂತೆ ಏರಿಸಿ 44 ಮುಟ್ಟಲಾಗುವುದಿಲ್ಲ. "ಇಂಥ ಡಬ್ಬಿಯೇ ಇಲ್ಲ" ಎಂದೆ. "ಅಜ್ಜಿ ಎರಡು ಸಲ ಎಣಿಸಿದ್ದಾರೆ" ಎಂದು ಅವನು ಪಟ್ಟು ಹಿಡಿದ. ಎರಡು ಸಲ ಎಣಿಸಿದ ಅಜ್ಜಿಯನ್ನೂ ನಂಬಬೇಕು, 44 ಮೂರರಿಂದ ಭಾಗವಾಗದು ಎಂಬುದನ್ನೂ ನಂಬಬೇಕು. ಹಾಗಾದರೆ "ಎರಡರದ್ದು, ಐದರದ್ದು" ಎಂಬ ಮಾತಿನಲ್ಲೇ ಏನೋ ಇದೆ. ಇಬ್ಬರೂ ಕೂತು ಯೋಚಿಸಿದೆವು. ಎರಡರದ್ದು ಎಂದು ಎಣಿಸಿದ್ದರಲ್ಲಿ ಒಂದು ನಿಜವಾಗಿ 1 ರೂಪಾಯಿಯದ್ದಾಗಿದ್ದರೆ? ಆಗ 5ಯಾ + 2(39 − ಯಾ) + 1 = 124, 3ಯಾ = 45, ಯಾ = 15. ಹೊಂದುತ್ತದೆ. 10 ರೂಪಾಯಿಯದ್ದೊಂದು ನುಸುಳಿದ್ದರೂ ಹೊಂದುತ್ತದೆ, ಆಗ ಯಾ = 12. ಆದರೆ ಹತ್ತರ ನಾಣ್ಯಕ್ಕೆ ಎರಡು ಬಣ್ಣ, ಕಣ್ಣು ತಪ್ಪಿಸಿಕೊಳ್ಳಲಾರದು.

ಡಬ್ಬಿ ಸುರಿದು ಒಂದೊಂದನ್ನೇ ತಿರುಗಿಸಿ ನೋಡಿದೆವು. 1990ರ ದಶಕದ ಸ್ಟೀಲಿನ 1 ರೂಪಾಯಿ ನಾಣ್ಯದ ಅಗಲ 25 ಮಿಲಿಮೀಟರ್, ತೂಕ 4.85 ಗ್ರಾಂ. 2011ರಲ್ಲಿ ಬಂದ 2 ರೂಪಾಯಿ ನಾಣ್ಯದ ಅಗಲವೂ ತೂಕವೂ ಅಷ್ಟೇ. ಮೂರನೇ ಸಾಲಿನಲ್ಲಿ ಸಿಂಹಲಾಂಛನ ಮೇಲಾಗಿ ಬಿದ್ದಿದ್ದ ಒಂದನ್ನು ಹುಡುಗ ಮಗುಚಿದ. ಹೊಳಪು ಮಾಸಿತ್ತು, ಅಂಚು ಸವೆದಿತ್ತು. ನಡುವೆ 1 ಎಂಬ ಅಂಕಿ ಮಾತ್ರ ಸ್ಪಷ್ಟವಾಗಿತ್ತು.